ಆರ್ವಿಲ್ ಸ್ಟೆನ್‌ಗಾರ್ಡ್ ಅವರ ಬಲ ಮೊಣಕಾಲಿನ ವಿಚಾರಣೆ

ಒಂದು ಮೊಣಕಾಲು ನೆಲ ಮುಟ್ಟಿತೋ ಇಲ್ಲವೋ ಎಂಬುದನ್ನು ನಿರ್ಧರಿಸಲು ಅಮೆರಿಕದ ಅಯೋವಾದಲ್ಲಿ ಐವತ್ತು ವರ್ಷಗಳಿಂದ ಒಂದು ಸಮಿತಿ ಕಾರ್ಯನಿರ್ವಹಿಸುತ್ತಿದೆ. ನಾನು ಅದರ ಕಾರ್ಯದರ್ಶಿ.

1974ರ ನವೆಂಬರಿನಲ್ಲಿ ಟಿಲ್ಡನ್ ಮತ್ತು ಮಾರ್ಬೆರಿ ಕಾಲೇಜುಗಳ ನಡುವೆ ಅಮೆರಿಕನ್ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟದ ಪಂದ್ಯ ನಡೆಯಿತು. ಕೊನೆಯ ಕ್ಷಣದಲ್ಲಿ ಟಿಲ್ಡನ್ನಿನ ಆರ್ವಿಲ್ ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಓಡಿದರು. ಮಾರ್ಬೆರಿಯ ಲೀರಾಯ್ ಹಾಸ್ಕಾಂಪ್ ಹಿಂದಿನಿಂದ ಬಂದು ಆರ್ವಿಲ್ ಸೊಂಟಕ್ಕೆ ಜೋತುಬಿದ್ದರು. ಇಬ್ಬರೂ ಕೆಸರಿನಲ್ಲಿ ಉರುಳಿ ಅಂಕದ ಗೆರೆಯಾಚೆ ಬಿದ್ದರು. ಗೆರೆ ದಾಟುವ ಮೊದಲೇ ಚೆಂಡು ಹಿಡಿದವನ ಮೊಣಕಾಲು ನೆಲ ಮುಟ್ಟಿದ್ದರೆ ಆಟ ಅಲ್ಲಿಗೇ ಮುಗಿದಂತೆ, ಅಂಕವಿಲ್ಲ. ಅಂಪೈರ್ ಮುಖ ಒರೆಸಿಕೊಂಡು, ಅಂಕ ಸಿಕ್ಕಿತೆಂದು ಎರಡೂ ಕೈ ಎತ್ತಿದರು. ಟಿಲ್ಡನ್ ಗೆದ್ದಿತು. ಮಾರ್ಬೆರಿ ದೂರು ಕೊಟ್ಟಿತು. ಸಮಿತಿ ಹುಟ್ಟಿತು.

ಟಿಲ್ಡನ್ನಿನಲ್ಲಿರುವ, ಆ ಕ್ಷಣದ ಕಂಚಿನ ಪ್ರತಿಮೆಯಲ್ಲಿ ಆರ್ವಿಲ್ ಅವರ ಮೊಣಕಾಲು ನೆಲದಿಂದ ನಾಲ್ಕು ಇಂಚು ಮೇಲಿದೆ. ಮಾರ್ಬೆರಿಯ ಪ್ರತಿಮೆಯಲ್ಲಿ ಅದು ನೆಲದೊಳಕ್ಕೆ ಒಂದು ಇಂಚು ಇಳಿದಿದೆ. ಎರಡೂ ಪ್ರತಿಮೆಗಳನ್ನು ಸಮಿತಿ ದಾಖಲೆಯಾಗಿ ಸ್ವೀಕರಿಸಿದೆ.

ಹೋದ ವರ್ಷ ಮಾರ್ಚಿನಲ್ಲಿ ಆರ್ವಿಲ್, ಲೀರಾಯ್ ಮತ್ತು ನಾನು ಎಂದಿನಂತೆ ವರ್ನಾಳ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಆರ್ವಿಲ್ ತಲೆ ತಗ್ಗಿಸಿಕೊಂಡು ಹೇಳಿದರು:

"ಲೀರಾಯ್, ಅವತ್ತು ನನ್ ಮಂಡಿ ನೆಲಕ್ಕೆ ತಾಗಿತ್ತು ಕಣೋ. ಕಲ್ಲೊಂದು ಚುಚ್ಚಿದ್ದು ಇವತ್ತಿಗೂ ನೆನಪಿದೆ. ಇನ್ನು ಹೊಟ್ಟೇಲಿ ಇಟ್ಕೊಳ್ಳಕ್ಕಾಗಲ್ಲ."

ಲೀರಾಯ್ ಚಮಚ ಕೆಳಗಿಟ್ಟರು. "ನಿಂಗೇನು ತಲೆ ಕೆಟ್ಟಿದೆಯಾ? ಐವತ್ತು ವರ್ಷದಿಂದ ಊರೆಲ್ಲ ನಂಗೆ ಮೋಸ ಆಯ್ತು ಅಂತ ಅಯ್ಯೋ ಪಾಪ ಅಂತಿದೆ. ನನ್ ಹೆಂಡ್ತೀನೂ ಅದಕ್ಕೇ ಮರುಗಿ ನನ್ನ ಮದುವೆಯಾಗಿದ್ದು. ಈಗ ಹೋಗಿ ನ್ಯಾಯ ಕೊಡಿಸ್ತೀನಿ ಅಂದ್ರೆ ನಾನೇನು ಮಾಡ್ಲಿ?"

"ನಂಗೆ ನಿದ್ದೆ ಬರಲ್ವಲ್ಲೋ!"

"ಮಾತ್ರೆ ತಗೋ!"

ಆರ್ವಿಲ್ ಕೇಳಲಿಲ್ಲ. ಅಲ್ಲೇ ಕಾಗದದ ಕರವಸ್ತ್ರದ ಮೇಲೆ ಸತ್ಯ ಬರೆದು ನನ್ನ ಕೈಗಿತ್ತರು. ಸತ್ಯವನ್ನು ನಿಗದಿತ ನಮೂನೆಯಲ್ಲಿ ಮೂರು ಪ್ರತಿಗಳಲ್ಲಿ ಸಲ್ಲಿಸಬೇಕೆಂದು ನಾನು ತಿಳಿಸಿದೆ. ಸಲ್ಲಿಸಿದರು. ವಿಚಾರಣೆ ಸೆಪ್ಟೆಂಬರಿಗೆ ನಿಗದಿಯಾಯಿತು. ನಡುವೆ ಜೂನ್ ತಿಂಗಳಲ್ಲಿ ಡಾಕ್ಟರು ಅವರ ಸವೆದ ಬಲ ಮೊಣಕಾಲನ್ನು ತೆಗೆದು ಲೋಹದ್ದನ್ನು ಕೂಡಿಸಿದರು.

ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಲೀರಾಯ್ ಕೊನೆಯ ಸಾಲಿನಲ್ಲಿ ಟೋಪಿ ಹಿಂಡುತ್ತ ಕುಳಿತಿದ್ದರು. ಅಧ್ಯಕ್ಷೆ ಡೊರೊಥಿಯಾ ಪ್ಲಿಂಪ್ಟನ್ ಕನ್ನಡಕ ಸರಿಪಡಿಸಿಕೊಂಡರು.

"ನೆಲ ಮುಟ್ಟಿದ್ದು ಇದೇ ಮೊಣಕಾಲಾ, ಮಿಸ್ಟರ್ ಸ್ಟೆನ್‌ಗಾರ್ಡ್?"

"ಇಲ್ಲ ಮೇಡಂ. ಇದು ಹೊಸದು."

"ಇದು ಪಂದ್ಯದಲ್ಲಿ ಇತ್ತಾ?"

"ಇದು ಅವತ್ತು ಹೇಗಿರಕ್ಕಾಗುತ್ತೆ ಮೇಡಂ? ಆದ್ರೆ ನಾನಿದ್ದೆನಲ್ಲ!"

"ನಿಮ್ಮ ಬಗ್ಗೆ ಯಾರೂ ದೂರು ಕೊಟ್ಟಿಲ್ಲ. ದೂರು ಇರೋದು ಮೊಣಕಾಲಿನ ಮೇಲೆ."

ಸಭೆ ತಲೆದೂಗಿತು. 

ಅಂದು ಸಂಜೆ ಸಭಾಂಗಣದಲ್ಲೇ ಓದಿ ಹೇಳಿದ ಆದೇಶ ಹೀಗಿದೆ: "ಆಪಾದಿತ ಮೊಣಕಾಲು ಅಸ್ತಿತ್ವದಲ್ಲಿ ಇಲ್ಲದಿರುವುದರಿಂದ ಅದರ ಹೇಳಿಕೆ ಪಡೆಯುವವರೆಗೆ ಪ್ರಕರಣವನ್ನು ಮುಂದುವರಿಸತಕ್ಕದ್ದು. ಸಮಿತಿಯನ್ನು ಕಾಯಂಗೊಳಿಸತಕ್ಕದ್ದು. ಅರ್ಜಿದಾರರಿಗೆ ಪ್ರಕರಣದೊಂದಿಗೆ ಈಗ ಯಾವ ಸಂಬಂಧವೂ ಉಳಿದಿಲ್ಲವಾದ್ದರಿಂದ, ಇಡೀ ಜಿಲ್ಲೆಯಲ್ಲಿ ನಿಷ್ಪಕ್ಷಪಾತಿಯಾದ ಏಕೈಕ ವ್ಯಕ್ತಿ ಎಂದು ಪರಿಗಣಿಸಿ ಅವರನ್ನು ಸದಸ್ಯರನ್ನಾಗಿ ನೇಮಿಸಲಾಗಿದೆ."

ಲೀರಾಯ್ ಕುರ್ಚಿಗಳನ್ನು ತಳ್ಳಿಕೊಂಡು ಬಂದು ಗೆಳೆಯನನ್ನು ತಬ್ಬಿಕೊಂಡರು. "ಅನ್ಯಾಯ! ಮತ್ತೆ ಅನ್ಯಾಯ!" ಎಂದು ಆನಂದದಿಂದ ಅತ್ತರು. ಎರಡೂ ಕಾಲೇಜುಗಳ ಬ್ಯಾಂಡುಗಳು ಹೊರಗೆ ತಮ್ಮ ತಮ್ಮ ವಿಜಯಗೀತೆ ನುಡಿಸಿದವು.

ಆರ್ವಿಲ್ ಈಗ ಸಮಿತಿಯಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ನಿದ್ದೆ ಚೆನ್ನಾಗಿ ಬರುತ್ತಿದೆಯಂತೆ. ಮೊದಲ ಸಭೆಯಲ್ಲಿ ಅಧ್ಯಕ್ಷೆ ಆರ್ವಿಲ್ ಅವರ ಅಭಿಪ್ರಾಯ ಕೇಳಿದರು. ಅವರು ಕಡತವನ್ನು ಕೂಲಂಕಷವಾಗಿ ನೋಡಲು ಎರಡು ವರ್ಷ ಕಾಲಾವಕಾಶ ಕೋರಿದರು. ಕೊಡಲಾಯಿತು.