ಹ್ಯಾಂಗ್ ಆಗಿದ್ದು ಲಿನಕ್ಸ್ ಅಲ್ಲರಿ!

ವಾರಕ್ಕೊಮ್ಮೆಯಾದರೂ ನನಗೊಂದು ಬೈಗುಳದ ಫೋನ್ ಬರುತ್ತದೆ. ಬೈಸಿಕೊಳ್ಳುವುದು ಲಿನಕ್ಸು, ಕೇಳಿಸಿಕೊಳ್ಳುವುದು ನಾನು. ಇವತ್ತು ಬೆಳಿಗ್ಗೆಯೂ ಒಂದು ಬಂದಿದೆ. ಅದೇ ಸಿಟ್ಟಿನಲ್ಲಿ ಇದನ್ನು ಬರೆಯಲು ಕೂತಿದ್ದೇನೆ.

ವಿಜಯಪುರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಹಳೇ ಕಂಪ್ಯೂಟರು ತಂದವರಿಗೆಲ್ಲ ನಾನು ಲಿನಕ್ಸ್ ಹಾಕಿಕೊಡುತ್ತೇನೆ. ಅದು ಕಂಪ್ಯೂಟರು ನಡೆಸುವ ತಂತ್ರಾಂಶ. ಪುಕ್ಕಟೆ ಸಿಗುತ್ತದೆ, ಹಳೇ ಯಂತ್ರದಲ್ಲೂ ಹಗುರಾಗಿ ಓಡುತ್ತದೆ. ಜನ ಖುಷಿಯಿಂದ ಒಯ್ಯುತ್ತಾರೆ, ಗೇಮ್ ಆಡುತ್ತಾರೆ. ಗೇಮ್ ಎಲ್ಲಾದರೂ ತಡವರಿಸಿತೋ, ನಿಂತಿತೋ, ಮುಗಿಯಿತು ನನ್ನ ಕಥೆ. ಒಬ್ಬರಂತೂ ಲಿನಕ್ಸ್ ಹಾಕಿದ ದಿನದಿಂದ ತಮ್ಮ ಫ್ರಿಜ್ ಸಪ್ಪಳ ಮಾಡುತ್ತಿದೆ ಎಂದು ನನ್ನ ಮೇಲೆ ಏರಿ ಬಂದಿದ್ದರು.

ಮೇಲಾಗಿ ಫೋನಿನಲ್ಲಿ ಹೆಣ್ಣು ದನಿ ಕೇಳಿದ ಕೂಡಲೇ, "ರಿಪೇರಿ ಮಾಡಾವ್ರಿಗೆ ಕೊಡವಾ ಫೋನ್" ಅನ್ನುತ್ತಾರೆ.

"ನಾನ ರಿಪೇರಿ ಮಾಡಾಕಿರಿ."

"ಹಂಗಾರ ಮಾಲಕರಿಗೆ ಕೊಡು."

"ಮಾಲಕರೂ ನಾನ ಅದೀನ್ರಿ."

ಅಲ್ಲಿಗೆ ಆಚೆ ಕಡೆಯವರೇ ಹ್ಯಾಂಗ್ ಆಗಿರುತ್ತಾರೆ.

ಹೊಸ ಕಾರ್ಡಿನ ಟೊಪ್ಪಿಗೆ

ನಮ್ಮ ಊರಿನ ಬಟ್ಟೆ ವ್ಯಾಪಾರಿಯೊಬ್ಬರಿಗೆ ಕಾರ್ ರೇಸಿನ ಗೇಮೆಂದರೆ ಪ್ರಾಣ. ಆಟ ಚೆನ್ನಾಗಿ ಓಡಲಿ ಎಂದು ಚಿತ್ರಗಳನ್ನು ಚುರುಕಾಗಿ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡನ್ನೇ ತರಿಸಿ ಒಳಗೆ ಕೂರಿಸಿಕೊಂಡಿದ್ದರು. ಆದರೂ ಫೋನಿನಲ್ಲಿ ಕಿಡಿ ಕಾರಿದರು.

"ನಾ ಇವತ್ತ ಸ್ಟೇರಿಂಗ್ ತಿರುವಿದ್ರ ಕಾರು ನಾಳಿ ತಿರಗತೈತ್ರಿ! ಎಂಥಾ ಲಿನಕ್ಸ್ ಹಾಕಿ ಕೊಟ್ಟೀರಿ?"

ಹೋದೆ. ಒಂದು ತಾಸು ಕೀಬೋರ್ಡ್ ಕುಟ್ಟಿದೆ. ಕಾರ್ಡು ಇದೆ, ಅದನ್ನು ನಡೆಸುವ ಡ್ರೈವರ್ ತಂತ್ರಾಂಶವೂ ಸರಿಯಿದೆ, ಆದರೆ ಕಾರ್ಡು ಮಾತ್ರ ಕೆಲಸವಿಲ್ಲದೆ ಸುಮ್ಮನೆ ಕೂತಿದೆ. ಕೊನೆಗೆ ಕಂಪ್ಯೂಟರಿನ ಡಬ್ಬಿಯನ್ನು ಗೋಡೆಯಿಂದ ಎಳೆದು ಹಿಂದೆ ಬಗ್ಗಿ ನೋಡಿದೆ. ಮಾನಿಟರಿನ ವಾಯರು ಹಳೇ ತೂತಿನಲ್ಲೇ ಇದೆ! ಹೊಸ ಕಾರ್ಡಿನ ತೂತಿಗೆ ಕಂಪನಿಯವರು ಹಾಕಿದ ಪ್ಲಾಸ್ಟಿಕ್ ಟೊಪ್ಪಿಗೆ ಹಾಗೇ ಕೂತಿದೆ.

"ಇದನ್ಯಾಕ ತಗದಿಲ್ರಿ?"

"ಹೊಸಾದು ಐತ್ರಿ. ಧೂಳ ಹೊಕ್ಕರ ಕೆಡತೈತಿ."

"ಹಂಗಾದ್ರ ಇದನ್ನ ಯಾವಾಗ ಬಳಸಾವ್ರು?"

"ಹಳೇದು ಕೆಟ್ಟ ಮ್ಯಾಲ."

ನಾನು ಹಲ್ಲು ಕಚ್ಚಿಕೊಂಡು ಟೊಪ್ಪಿಗೆ ಕಿತ್ತು, ವಾಯರನ್ನು ಹೊಸ ಕಾರ್ಡಿಗೆ ಸಿಕ್ಕಿಸಿದೆ. ಕಾರು ಹಾರಿತು. ಅವರು ಕುಣಿದಾಡಿದರು. ನಾನು ಚೀಲ ಎತ್ತಿಕೊಂಡು ಬಾಗಿಲ ತನಕ ಬಂದು ತಿರುಗಿ ನೋಡುತ್ತೇನೆ, ಆಸಾಮಿ ನೆಲಕ್ಕೆ ಮೊಣಕಾಲೂರಿ ಕೂತು ಅದೇ ಟೊಪ್ಪಿಗೆಯನ್ನು ಹಳೇ ತೂತಿಗೆ ಹಾಕುತ್ತಿದ್ದಾರೆ. "ಇದನ್ನರ ಕಾಪಾಡೋಣಂತ."

ಮೂಗು ಎಲ್ಲೈತಿ?

ತಿಕೋಟಾದಲ್ಲಿ ಒಂದು ದ್ರಾಕ್ಷಿ ತೋಟದವರ ಮನೆಯಿದೆ. ಆ ಮನೆಯ ಸೊಸೆ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ದನಿ ಎತ್ತಿ ಮಾತಾಡಿದವಳಲ್ಲ. ಆದರೆ ಭಾನುವಾರ ಬಂತೆಂದರೆ ಬಂದೂಕಿನ ಗೇಮ್ ಹಚ್ಚಿ ಕೂತು ಧಡಧಡ ನೂರು ಜನರನ್ನು ಮಲಗಿಸುತ್ತಾಳೆ. ಅವಳ ದೂರು: "ಅಕ್ಕಾರ, ಬರೋಬ್ಬರಿ ಹತ್ತು ನಿಮಿಷಕ್ಕ ಹ್ಯಾಂಗ್ ಆಗಾಕತ್ತೈತ್ರಿ. ಲಿನಕ್ಸ್ ನಮಗ ಆಗಿಬರಲಿಲ್ಲ ಅಂತಾರ ಮನಿಯಾವ್ರು."

ನನಗೆ ಸಿಟ್ಟು ಬಂತು. ಬಸ್ಸು ಹತ್ತಿ ಹೋದೆ. ನೋಡಿದರೆ ಕಂಪ್ಯೂಟರಿನ ಡಬ್ಬಿಗೆ ಕೌದಿ! ಅತ್ತೆ ತಮ್ಮ ಹಳೇ ಇಳಕಲ್ಲ ಸೀರೆ ಕತ್ತರಿಸಿ, ನಾಲ್ಕು ಪದರ ಹಾಕಿ, ಕೈಯಿಂದ ಹೊಲಿದು, ಅಳತೆಗೆ ಸರಿಯಾಗಿ ಡಬ್ಬಿಗೆ ತೊಡಿಸಿದ್ದಾರೆ. ಸೊಸೆಗೆ ತೆಗೆಯುವ ಧೈರ್ಯವಿಲ್ಲ.

"ಆಯಿ, ಇದನ್ನ ತಗೀಬೇಕ್ರಿ. ಒಳಗ ಬಿಸಿ ಆಗಿ ಬಂದ್ ಬೀಳಾಕತ್ತೈತಿ."

"ಮೈ ಬಿಸಿ ಆತಂದ್ರ ಜ್ವರ ಬಂದಾಂಗ ಆತಲ್ಲ? ಜ್ವರ ಬಂದಾವ್ರಿಗೆ ಕೌದಿ ಹೊಚ್ಚತಾರೋ, ತಗೀತಾರೋ?"

ಅರ್ಧ ತಾಸು ವಾದ ಮಾಡಿ, ಅದಕ್ಕೆ ಉಸಿರಾಡಲು ಗಾಳಿ ಬೇಕು ಎಂದು ಒಪ್ಪಿಸಿ, ಕೌದಿ ತೆಗೆಸಿ ಬಂದೆ. ಗೇಮ್ ನಿಲ್ಲದೆ ಓಡಿತು. ಮುಂದಿನ ವಾರ ಮತ್ತೆ ಫೋನು. ಮತ್ತೆ ಹ್ಯಾಂಗು. ಮತ್ತೆ ಲಿನಕ್ಸಿಗೆ ಬೈಗುಳ. ಮತ್ತೆ ನಾನು ತಿಕೋಟಾ ಬಸ್ಸಿನಲ್ಲಿ.

ಕೌದಿ ಮತ್ತೆ ಡಬ್ಬಿಯ ಮೈಮೇಲಿತ್ತು. ಈ ಸಲ ಮುಂಭಾಗದಲ್ಲಿ, ದೀಪ ಮಿಣುಕುವಲ್ಲಿ, ಎರಡು ದುಂಡನೆಯ ತೂತು. ಸುತ್ತಲೂ ಕೆಂಪು ದಾರದ ಚಂದದ ಹೊಲಿಗೆ.

"ಆಯಿ! ಇದೇನ್ರಿ ಮತ್ತ?"

"ಉಸರಾಡಾಕ ಬಿಟ್ಟೀನಲ್ಲವಾ?"

"ಅದರ ಫ್ಯಾನು ಹಿಂದ ಐತ್ರೀ!"

ಆಯಿ ನನಗಿಂತ ಜೋರಾಗಿ ಸಿಟ್ಟಾದರು. "ಹಿಂದ ಮೂಗು ಇರತೈತಂತ ನನಗೇನ್ ಕನಸ ಬಿದ್ದಿತ್ತೇನು? ಯಾರಿಗೆ ಇರತೈತಿ ಹಿಂದ?"

ತಿಜೋರಿ

ಇದು ಬಬಲೇಶ್ವರದ್ದು, ಸಣ್ಣದು. ಪಾತ್ರೆ ಅಂಗಡಿಯ ಚಾಚಾ ಸೊಲ್ಲಾಪುರದಲ್ಲಿರುವ ಅಳಿಯನ ಜೊತೆ ಆನ್‌ಲೈನ್ ಕ್ರಿಕೆಟ್ ಆಡುತ್ತಾರೆ. "ನಾ ಬ್ಯಾಟ್ ಎತ್ತೂದ್ರಾಗ ಔಟ್ ಆಗಿ ಹೋಗಿರ್ತೇನಿ ಬೇಟಿ! ಅಳಿಯ ನಗಾಕತ್ತಾನ. ಇದು ಮರ್ಯಾದಿ ಪ್ರಶ್ನಿ."

ಲಿನಕ್ಸನ್ನು ಅಡಿಯಿಂದ ಮುಡಿಯವರೆಗೆ ತಡಕಿದೆ. ತಪ್ಪಿಲ್ಲ. ಇಂಟರ್ನೆಟ್ಟೇ ತೆವಳುತ್ತಿದೆ. "ಚಾಚಾ, ವೈಫೈ ಡಬ್ಬಿ ಎಲ್ಲೈತ್ರಿ?" ಅಂದೆ. ಅವರು ಸೊಂಟದಿಂದ ಕೀಲಿಗೊಂಚಲು ತೆಗೆದು ಕಬ್ಬಿಣದ ತಿಜೋರಿ ತೆರೆದರು. ಹಿಂದಿನಿಂದ ತೂತು ಕೊರೆಸಿ ವಾಯರು ಎಳೆದು, ಮನೆಪತ್ರ ಮತ್ತು ಒಡವೆ ಡಬ್ಬಿಯ ನಡುವೆ ವೈಫೈಯನ್ನು ಇಟ್ಟಿದ್ದಾರೆ.

"ಬಂದ ಬೀಗರೆಲ್ಲಾ ಪಾಸ್‌ವರ್ಡ್ ಕೇಳತಾರವಾ. ಕಣ್ಣಿಗೆ ಬೀಳಲಿಲ್ಲಂದ್ರ ಕೇಳಾಂಗಿಲ್ಲ."

ಕಬ್ಬಿಣದೊಳಗಿಂದ ಸಿಗ್ನಲ್ ಹೊರಗೆ ಬರುವುದಿಲ್ಲ ಎಂದು ತಿಳಿಸಿ ಹೇಳಿದೆ. ಚಾಚಾ ಒಪ್ಪಿದರು. ತಿಜೋರಿಯ ಬಾಗಿಲು ಪೂರ್ತಿ ತೆರೆದಿಟ್ಟು ಆಟಕ್ಕೆ ಕೂತರು. ಚೆಂಡು ಬ್ಯಾಟಿಗೆ ಬಡಿಯತೊಡಗಿತು. ನಾನು ಹೊರಡಲು ಎದ್ದೆ.

"ಎಲ್ಲಿ ಹೊಂಟಿ ಬೇಟಿ? ಮ್ಯಾಚ್ ಮುಗಿಯೂತನಕ ತಿಜೋರಿ ಮುಂದ ಕಾವಲ ನಿಂದರು!"

ಜೈನಾಪುರದ ಚದುರಂಗ

ಜೈನಾಪುರದಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರಿದ್ದಾರೆ. ಅವರ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅವರ ಆಸೆಯಂತೆ ಚದುರಂಗದ ಆಟವನ್ನೂ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಓಡಿ ಬಂದಿದ್ದೆ. ವಾರದಲ್ಲೇ ಫೋನು ಬಂತು.

"ಕಂಪ್ಯೂಟರ್ ಭಾಳ ಶಾಣ್ಯಾ ಐತಿ ತಂಗಿ, ದಿನಾ ನನ್ನ ಸೋಲಸಾಕತ್ತೈತಿ. ಆದ್ರ ಸ್ಪೀಡ್ ಇಲ್ಲ. ಒಮ್ಮೊಮ್ಮಿ ನಾ ಗುಡಿ ಕಟ್ಟಿ ಮ್ಯಾಲ ಕುಂತು ಬರೂದ್ರಾಗ ಕಾಯಿ ನಡಸಿರತೈತಿ. ಒಮ್ಮೊಮ್ಮಿ ಎರಡೆರಡು ತಾಸು ಬೇಕು. ಮುಂಜಾನಿ ಒಂಬತ್ತರಿಂದ ಹನ್ನೊಂದರ ತನಕ ಅಂತೂ ಅಳ್ಳಾಡಂಗಿಲ್ಲ."

ನಾನು ಬಹಳ ತಿಳಿದವಳಂತೆ, "ಆ ಹೊತ್ತಿಗೆ ಒಳಗ ಅಪ್‌ಡೇಟ್ ನಡದಿರತಾವ್ರಿ. ಹಳೇ ಯಂತ್ರ, ಸ್ವಲ್ಪ ತಾಳ್ರಿ" ಎಂದೆ.

ಮತ್ತೊಂದು ವಾರಕ್ಕೆ ಮಾಸ್ತರರ ದನಿ ಗುಡುಗಿತು. "ಮೂರ ದಿನ ಆತು, ಪೂರಾ ಹ್ಯಾಂಗ್! ಕರೀ ಕಾಯಿ ಒಂದೂ ಅಳ್ಳಾಡಿಲ್ಲ. ಬಂದು ನಿನ್ನ ಲಿನಕ್ಸ್ ಕಿತಗೊಂಡು ಹೋಗು!"

ಹೋದೆ. ಅಪ್‌ಡೇಟ್ ಮಾಡಿದೆ. ಡ್ರೈವರು ಬದಲಿಸಿದೆ. ರ‍್ಯಾಮ್ ಬಿಚ್ಚಿ ಒರೆಸಿ ಹಾಕಿದೆ. ಆಟವನ್ನೇ ತೆಗೆದು ಹೊಸದಾಗಿ ಹಾಕಿದೆ. ಪ್ರತಿ ಸಲವೂ ಆಟ ಬಿಟ್ಟಲ್ಲಿಂದಲೇ ತೆರೆಯುತ್ತದೆ, ಕರೀ ಕಾಯಿ ಮಾತ್ರ ಅಲುಗುವುದಿಲ್ಲ. ಮಾಸ್ತರರು ಬೆನ್ನ ಹಿಂದೆ ನಿಂತು, "ಯಾವ ಸಾಲ್ಯಾಗ ಕಲತಿ ತಂಗಿ?" ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು. ಮೂರು ತಾಸಾಯಿತು. ಹೊಟ್ಟೆ ಹಸಿದು, ತಲೆ ಕೆಟ್ಟು, ನನಗೇ ಲಿನಕ್ಸಿನ ಮೇಲೆ ಸಂಶಯ ಬರತೊಡಗಿತ್ತು.

ಹೊರಗೆ ಜೀಪು ನಿಂತ ಸಪ್ಪಳವಾಯಿತು. ತೊರವಿಯ ತಂಗಿಯ ಮನೆಗೆ ಹೋಗಿದ್ದ ಮಾಸ್ತರರ ಹೆಂಡತಿ ಮೂರು ದಿನದ ಮೇಲೆ ಮನೆಗೆ ಬಂದರು. ಚೀಲ ಇಟ್ಟು, ಕಾಲು ತೊಳೆದು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಮ್ಮಿಬ್ಬರ ನಡುವೆ ಬಗ್ಗಿ ಪರದೆ ನೋಡಿದರು.

"ಇನ್ನೂ ಹಂಗ ಇಟ್ಟೀರೇನ್ರಿ?" ಅಂದವರೇ ಮೌಸ್ ಹಿಡಿದು, ಕರೀ ವಜೀರನನ್ನು ಓರೆಯಾಗಿ ನಾಲ್ಕು ಮನೆ ಜರುಗಿಸಿದರು.

ಮಾಸ್ತರರ ರಾಜ ಸತ್ತ. ಆಟ ಮುಗಿಯಿತು ಎಂದು ಪರದೆಯೇ ಸಾರಿತು.

ಮೂರು ತಾಸಿನಲ್ಲಿ ನಾನು ನೋಡದೆ ಬಿಟ್ಟದ್ದು ಒಂದೇ, ಆಟದ ಸೆಟ್ಟಿಂಗು. ಈಗ ತೆರೆದು ನೋಡಿದೆ. ಬಿಳಿ: ಮನುಷ್ಯ. ಕಪ್ಪು: ಮನುಷ್ಯ. ಬಸ್ಸಿನ ಅವಸರದಲ್ಲಿ ನಾನು ಅದನ್ನು ಕಂಪ್ಯೂಟರಿಗೆ ಬದಲಿಸಿರಲೇ ಇಲ್ಲ!

"ಹಂಗಾರ ಎರಡು ವಾರದಿಂದ ನನ್ನ ಸೋಲಸಾಕತ್ತಿದ್ದು..." ಮಾಸ್ತರರು ಹೆಂಡತಿಯ ಕಡೆ ತಿರುಗಿದರು.

"ನಾನ ಅಲ್ಲೇನ್ರಿ ಮತ್ತ? ನೀವು ಒಂದು ಕಾಯಿ ನಡಸಿ ಕಟ್ಟಿಗೆ ಹೋಗಿ ಕುಂದರತಿದ್ರಿ. ನನ್ನ ಪಾಳಿ ಅಂತ ನಾ ಆಡತಿದ್ದೆ. ರೊಟ್ಟಿ ಬಡಿಯೂ ಹೊತ್ತಿನ್ಯಾಗ ಅಷ್ಟ ಆಗತಿದ್ದಿಲ್ಲ."

"ನಿನಗ ಚದುರಂಗ ಯಾರು ಕಲಿಸಿದ್ರು?"

"ನಮ್ಮಪ್ಪ. ನೀವು ಯಾವತ್ತ ಕೇಳಿದ್ರಿ? ಮೂವತ್ತೆಂಟು ವರ್ಷದಾಗ ಮೊದಲನೇ ಸಲ ನನ್ನ ಜೋಡಿ ಆಡಾಕ ಕುಂತಾರ ಅಂತ ಖುಷಿ ಆಗಿತ್ತು. ಮಾತಾಡಿ ಯಾಕ ಕೆಡಿಸಲಿ ಅಂತ ಸುಮ್ಮನಿದ್ದೆ." ಅಷ್ಟು ಹೇಳಿ ಚಹಾಕ್ಕಿಡಲು ಒಳಗೆ ಹೋದರು.

ನನಗೆ ನಾಚಿಕೆಯಾಗಿ, "ಸರ, ಈಗ ಕಂಪ್ಯೂಟರ್ ಜೋಡಿ ಆಡೂ ಹಂಗ ಮಾಡಿಕೊಡ್ಲೇನ್ರಿ?" ಎಂದೆ.

ಮಾಸ್ತರರು ಪರದೆ ನೋಡಿದರು. ಅಡಿಗೆಮನೆಯ ಬಾಗಿಲು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು:

"ಅದು ಬ್ಯಾಡ ತಂಗಿ. ಈಕೀ ಲೆವಲ್ ಸ್ವಲ್ಪ ಕಡಿಮಿ ಮಾಡೂ ಸೆಟ್ಟಿಂಗ್ ಎಲ್ಲೈತಿ, ಅದನ್ನಷ್ಟ ತೋರಸು."