ಹಳದಿ ಬಸ್ಸು, ಬೇಲಿಯ ಕ್ಯಾಮೆರಾ ಮತ್ತು ನಮ್ಮ ಅತ್ತಿಗೆ

ನಮ್ಮ ಅತ್ತಿಗೆಗೆ ತಲೆ ಕೆಟ್ಟಿದೆ ಎಂಬುದನ್ನು ಅಮೆರಿಕದ ಡ್ಯಾನ್‌ವಿಲ್ಲಿನ ಕನ್ನಡಿಗರೆಲ್ಲ ಒಮ್ಮತದಿಂದ ಒಪ್ಪಿಕೊಂಡಿದ್ದಾರೆ. ನನಗೆ ತಿಳಿದ ಮಟ್ಟಿಗೆ ಇಲ್ಲಿನ ಕನ್ನಡಿಗರು ಒಮ್ಮತದಿಂದ ಒಪ್ಪಿದ ವಿಷಯ ಇದೊಂದೇ. ಯುಗಾದಿಯ ಹೋಳಿಗೆ ಬೇಳೆಯದೋ ಕಾಯಿಯದೋ ಎಂಬುದನ್ನೇ ಇನ್ನೂ ತೀರ್ಮಾನಿಸಲಾಗದ ಜನ ನಾವು! ಅಂಥವರನ್ನು ಒಂದುಗೂಡಿಸಿದ ಕೀರ್ತಿ ಅತ್ತಿಗೆಗೇ ಸಲ್ಲಬೇಕು.

ಅತ್ತಿಗೆ ಹುಬ್ಬಳ್ಳಿಯವರು. ಅಣ್ಣ ಮತ್ತು ನಾನು ಮಂಡ್ಯದವರು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಆಕೆಯ ಉದ್ಯೋಗ. ಮನೆಗೆ ಬಂದ ಮೇಲೂ ಅದೇ ಉದ್ಯೋಗ, ಸಂಬಳ ಮಾತ್ರ ಇಲ್ಲ. ನಾನು ಮೌಂಟನ್ ವ್ಯೂನ ಬಾಡಿಗೆ ಅಪಾರ್ಟ್‌ಮೆಂಟಿನಿಂದ ಶನಿವಾರ ಶನಿವಾರ ಅವರ ಮನೆಗೆ ಊಟಕ್ಕೆ ಹೋಗುವವನು. ರೊಟ್ಟಿಯ ಋಣ ನನ್ನ ಮೇಲಿದೆ, ಆದ್ದರಿಂದ ನಾನು ಹೇಳುವುದನ್ನು ಸ್ವಲ್ಪ ಕಡಿತ ಮಾಡಿಕೊಂಡೇ ಓದಿ.

ಇಲ್ಲಿ ಹಳದಿ ಸ್ಕೂಲ್ ಬಸ್ಸು ಕೆಂಪು ದೀಪ ಮಿನುಗಿಸಿ, ಪಕ್ಕದಿಂದ ‘ನಿಲ್ಲು’ ಎಂಬ ಹಲಗೆ ಚಾಚಿತೆಂದರೆ ಹಿಂದಿನವರೂ ನಿಲ್ಲಬೇಕು, ಅಣ್ಣನ ಮನೆಯ ಮುಂದಿನಂಥ ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಮಕ್ಕಳು ಇಳಿದು ದಾಟಿ, ಹಲಗೆ ಮಡಚಿಕೊಂಡ ಮೇಲೆಯೇ ಹೊರಡಬೇಕು. ಇದು ಎಲ್ಲರಿಗೂ ಗೊತ್ತು. ಲೈಸೆನ್ಸ್ ಪರೀಕ್ಷೆಯಲ್ಲಿ ಎಲ್ಲರೂ ಸರಿಯುತ್ತರ ಬರೆದವರೇ. ಅಲ್ಲಿಗೆ ಮುಗಿಯಿತು.

ಅತ್ತಿಗೆಗೆ ಮಾತ್ರ ಮುಗಿದಿರಲಿಲ್ಲ. ಒಮ್ಮೆ ನನ್ನನ್ನು ಟ್ರೈನಿಗೆ ಬಿಡಲು ಹೊರಟವರು ದಾರಿಯಲ್ಲಿ ಒಂದು ಸ್ಕೂಲ್ ಬಸ್ಸಿನ ಹಿಂದೆ ಕಾರು ನಿಲ್ಲಿಸಿದರು. ನಿಂತೇ ಇದ್ದೆವು. ಬಸ್ಸಿನಲ್ಲಿ ಮಕ್ಕಳಿಲ್ಲ, ದೀಪವಿಲ್ಲ, ಡ್ರೈವರೂ ಇಲ್ಲ!

“ಅತ್ತಿಗೆ, ಅದು ಪಾರ್ಕ್ ಮಾಡಿರೋ ಬಸ್ಸು.”

“ಇರಬಹುದು. ಆದ್ರ ಬಸ್ಸೋ ಅಲ್ಲೋ?”

ಕೊನೆಗೆ ಕಾಫಿ ಹಿಡಿದು ಬಂದ ಡ್ರೈವರಮ್ಮ ನಮ್ಮನ್ನು ನೋಡಿ, ಹೋಗಿ ಎಂದು ಕೈಮುಗಿಯುವುದೊಂದು ಬಾಕಿ. ನನ್ನ ಟ್ರೈನು ಹೋಗಿತ್ತು. “ಮುಂದಿನದು ಬರ್ತೈತಿ ತಗೋ, ಮಕ್ಕಳು ಹಂಗ ಬರೂದಿಲ್ಲ” ಎಂದರು ಅತ್ತಿಗೆ.

ಅಣ್ಣನ ಮನೆಯ ಎದುರಿನ ಕಾಲುದಾರಿಯೇ ಬಸ್ ಸ್ಟಾಪು. ಮಗಳು ಅಲ್ಲಿ ಇಳಿದು ರಸ್ತೆ ದಾಟಿ ಮನೆಗೆ ಬರಬೇಕು. ಮೂರನೇ ಕ್ಲಾಸಿನ ಹುಡುಗಿ, ಮನೆಯಲ್ಲಿ ಪುಟ್ಟಿ. ಅಣ್ಣನಿಗೆ ಆಕೆಯ ಮೇಲೆ ಎಂಥ ಪ್ರೀತಿಯೆಂದರೆ ಹೆಚ್ಚುವರಿ ದುಡ್ಡು ಕಟ್ಟಿ ಕಾರಿನ ನಂಬರ್ ಪ್ಲೇಟಿನಲ್ಲಿ ನಂಬರಿನ ಬದಲು ಇಂಗ್ಲಿಷಿನಲ್ಲಿ ‘ಪುಟ್ಟಿ’ ಎಂದೇ ಬರೆಸಿದ್ದ. ಇದೊಂದು ರೋಗ, ನಮ್ಮವರಲ್ಲಿ ಎಲ್ಲರಿಗೂ ಉಂಟು. ಒಬ್ಬರ ಕಾರು ‘ಕಾವೇರಿ’, ಇನ್ನೊಬ್ಬರದು ‘ಮಾರುತಿ’, ನಮ್ಮ ಕನ್ನಡ ಸಂಘದ ಅಧ್ಯಕ್ಷರದು ‘ಕನ್ನಡಿಗ’.

ಅಡುಗೆಮನೆಯ ಕಿಟಕಿಯಿಂದ ಅತ್ತಿಗೆ ನೋಡುತ್ತಿದ್ದದ್ದು ಇಷ್ಟೇ. ಹಲಗೆ ಚಾಚಿದ ಬಸ್ಸಿನ ಪಕ್ಕದಿಂದ ದಿನಕ್ಕೊಂದಾದರೂ ಕಾರು ಸುಂಯ್ ಎಂದು ಹೋಗುತ್ತಿತ್ತು. ಪೊಲೀಸರಿಗೆ ಹೇಳಿದರೆ, ಬಸ್ಸಿನ ಡ್ರೈವರೇ ನಂಬರು ಬರೆದುಕೊಂಡು ಕೊಡಲಿ ಎಂದರು. ಡ್ರೈವರಮ್ಮ ಇಳಿಯುವ ಮಕ್ಕಳನ್ನು ನೋಡಬೇಕೋ, ಓಡುವ ಕಾರಿನ ನಂಬರು ನೋಡಬೇಕೋ? ಬಸ್ಸಿನ ಹಲಗೆಗೇ ಕ್ಯಾಮೆರಾ ಕಟ್ಟಿದರೆ ದಾಟಿದವರ ಮನೆಗೆ ನೇರವಾಗಿ ದಂಡದ ಚೀಟಿ ಹೋಗುತ್ತದೆ, ಬೇರೆ ರಾಜ್ಯಗಳಲ್ಲಿ ಹಾಗಿದೆ, ಇಲ್ಲೂ ಬರಲಿ ಎಂಬುದು ಅತ್ತಿಗೆಯ ಹಟವಾಯಿತು. ಅಲ್ಲಿಯವರೆಗೆ ತಮ್ಮ ಮನೆಯ ಬೇಲಿಗೇ ಒಂದು ಕ್ಯಾಮೆರಾ ಬಿಗಿದರು.

ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದ ಮುತ್ತೈದೆಯರಿಗೆ ಎಲೆ, ಅಡಿಕೆ, ಬ್ಲೌಸ್ ಪೀಸು, ಜೊತೆಗೆ ಕ್ಯಾಮೆರಾ ಬೇಕೆಂಬ ಮನವಿಗೆ ಸಹಿ ಹಾಕಲು ಒಂದು ಪೆನ್ನು! ಸಹಿ ಹಾಕದವರಿಗೆ ಕೋಸಂಬರಿ ತಡವಾಗಿ ಬರುತ್ತಿತ್ತು. ಅವರಲ್ಲೊಬ್ಬಾಕೆಯ ಗಂಡ ಮಾತ್ರ ತತ್ವಜ್ಞಾನಿ.

“ಮೇಡಂ, ಕ್ಯಾಮೆರಾ ಅಂದ್ರೆ ಪ್ರೈವೆಸಿ ಪ್ರಶ್ನೆ ಬರುತ್ತೆ. ಜನರನ್ನ ಹಂಗೆಲ್ಲ ವಾಚ್ ಮಾಡಬಾರದು.”

ಈ ಮಹಾಶಯರು ಕೆಲಸ ಮಾಡುವ ಕಂಪನಿಗೆ ನಾನು ನಿನ್ನೆ ಏನು ತಿಂದೆ, ನಾಳೆ ಯಾವ ಚಪ್ಪಲಿ ಕೊಳ್ಳುತ್ತೇನೆ, ಎರಡೂ ಗೊತ್ತು.

“ನಿಮ್ಮ ಕಂಪನಿ ನೋಡೂದು ಬಿಟ್ಟ ದಿನ ನಾನೂ ಬಿಡ್ತೀನಿ ನೋಡ್ರಿ” ಎಂದು ಅತ್ತಿಗೆ ಅವರ ಎಲೆಗೆ ಪಾಯಸ ಬಡಿಸಿದರು.

ಆಮೇಲೆ ಬಂತು ರಾಜ್ಯೋತ್ಸವ. ಮಕ್ಕಳ ಸುರಕ್ಷತೆಯ ಬಗ್ಗೆ ಐದು ನಿಮಿಷ ಮಾತಾಡಿ ಎಂದು ಅಧ್ಯಕ್ಷರೇ ಅತ್ತಿಗೆಯನ್ನು ವೇದಿಕೆಗೆ ಕರೆದರು. ಪಾಪ, ಅವರಿಗೇನು ಗೊತ್ತು. ಅತ್ತಿಗೆ ಮಾತಾಡಲಿಲ್ಲ, ದೀಪ ಆರಿಸಿ ಪರದೆಯ ಮೇಲೆ ವಿಡಿಯೋ ಹಾಕಿದರು. ಹಳದಿ ಬಸ್ಸು, ಚಾಚಿದ ಹಲಗೆ, ಪಕ್ಕದಿಂದ ಹೋಗುವ ಕಾರು. ಕಾರಿನ ಹಿಂದೆ ‘ಕಾವೇರಿ’. ಸಭಿಕರು ಚಪ್ಪಾಳೆ ತಟ್ಟಿದರು! ತಮ್ಮವರ ಕಾರು ಪರದೆಯ ಮೇಲೆ ಬಂದ ಸಂಭ್ರಮ. ‘ಮಾರುತಿ’ ಬಂತು, ಒಬ್ಬರು ಶಿಳ್ಳೆ ಹೊಡೆದರು. ಬಂಪರಿನ ಮೇಲೆ ಕೆಂಪು ಹಳದಿ ಬಾವುಟ ಅಂಟಿಸಿಕೊಂಡು ‘ಕನ್ನಡಿಗ’ ಹಾದುಹೋಗುವ ಹೊತ್ತಿಗೆ ಚಪ್ಪಾಳೆ ನಿಂತಿತ್ತು. ವಿಷಯ ಏನೆಂದು ಆಗ ತಾನೇ ಹೊಳೆದಿತ್ತು.

ಹಿಂದಿನ ಸಾಲಿನಿಂದ ಯಾರೋ ಕೇಳಿದರು. “ಮೇಡಂ, ನಿಮ್ಮ ಮನೇಲಿ ಯಾರೂ ಮಾಡಿಲ್ವಾ ಹಂಗಾದ್ರೆ?”

“ಕಡೀಗೆ ಐತ್ರಿ. ಕುಂದರ್ರಿ.”

ಕಡೆಯ ವಿಡಿಯೋದಲ್ಲಿ ಬಸ್ಸಿನ ಬಾಗಿಲಿನಿಂದ ಇಳಿದ ಒಬ್ಬ ಚಿಕ್ಕ ಹುಡುಗಿ ಬಸ್ಸಿನ ಮುಂದೆ ಬಂದು ದಾಟಲು ಒಂದು ಕಾಲು ಮುಂದಿಟ್ಟಳು. ಎದುರಿನಿಂದ ಬೂದು ಬಣ್ಣದ ಕಾರು ಬಂತು. ಹುಡುಗಿ ಕಾಲು ಹಿಂದಕ್ಕೆ ಎಳೆದುಕೊಂಡಳು. ಕಾರು ನಿಲ್ಲದೆ ಹೋಯಿತು. ಅದರ ಹಿಂದೆ ‘ಪುಟ್ಟಿ’ ಎಂದು ಬರೆದಿತ್ತು. ಕಾಲು ಎಳೆದುಕೊಂಡದ್ದೂ ಪುಟ್ಟಿಯೇ.

ನನ್ನ ಪಕ್ಕದಲ್ಲಿ ಕೂತಿದ್ದ ಅಣ್ಣ ಅದನ್ನು ಮೊದಲ ಸಲ ನೋಡಿದ್ದು ಅಲ್ಲೇ, ಎಲ್ಲರ ಜೊತೆಗೆ. ಅವನ ಕೈಯಲ್ಲಿದ್ದ ಬಿಸಿಬೇಳೆಬಾತಿನ ತಟ್ಟೆ ಬಾಗಿ ಪ್ಯಾಂಟಿನ ಮೇಲೆಲ್ಲ ಸುರಿಯಿತು. ಅವನಿಗೆ ತಿಳಿಯಲಿಲ್ಲ.

ಆ ಸಂಜೆಯಿಂದ ಊರೆಲ್ಲ ಒಂದೇ ಮಾತು. ಕಟ್ಟಿಕೊಂಡ ಗಂಡನ ಮರ್ಯಾದೆಯನ್ನು ನಾಲ್ಕು ಜನರ ಮುಂದೆ ತೆಗೆದಳಲ್ಲ, ಇವಳೆಂಥ ಹೆಂಗಸು! ಮಗುವಿನ ಕಾಲಿನ ಬಗ್ಗೆ ಒಬ್ಬರಾದರೂ, ಒಬ್ಬರೇ ಒಬ್ಬರಾದರೂ ಕೇಳಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಸಂಸ್ಕೃತಿ ಉಳಿಸಲು ಪ್ರತಿ ನವೆಂಬರಿನಲ್ಲಿ ಸೇರುವ ಜನ ಇವರು. ಉಳಿಸಿಕೊಳ್ಳಲಿ, ಬೇಕಾದಷ್ಟು ಉಳಿಸಿಕೊಳ್ಳಲಿ.

ಮನೆಗೆ ಹೋಗುವಾಗ ಅತ್ತಿಗೆಯೇ ಕಾರು ಓಡಿಸಿದರು. ಫ್ರೀವೇ ಹತ್ತಿದ ಮೇಲೆ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಪುಟ್ಟಿ ಅಪ್ಪನ ಭುಜ ಮುಟ್ಟಿ ಹೇಳಿದಳು.

“ಇಟ್ಸ್ ಓಕೆ ಅಪ್ಪಾ. ಐ ಸಾ ಯು. ಯು ಹ್ಯಾಡ್ ಎ ಮೀಟಿಂಗ್.”

ಮಗುವಿಗೆ ಗೊತ್ತಿತ್ತು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಅಪ್ಪನ ಮೀಟಿಂಗು ದೊಡ್ಡದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿತ್ತು. ನನಗೆ ಅಣ್ಣನ ಮೇಲೆ, ಅವನ ಆಫೀಸಿನ ಮೇಲೆ, ನಮ್ಮ ಇಡೀ ಜಾಣ ಸಂತತಿಯ ಮೇಲೆ ಸಿಟ್ಟು ಬಂತು.

ಮರುವಾರ ನಾನು ಅತ್ತಿಗೆಯನ್ನು ಕೇಳಿದೆ. “ಮೊದಲೇ ಅವನೊಬ್ಬನಿಗೇ ಹೇಳಬಹುದಿತ್ತಲ್ವಾ?”

“ಕೇಳಿದ್ದೆ. ‘ನಾನು ಯಾವತ್ತಾದ್ರೂ ಹಂಗ್ ಮಾಡ್ತೀನಾ’ ಅಂದ್ರು. ಸುಳ್ಳು ಹೇಳಲಿಲ್ಲ ಅವರು. ಅವರಿಗೆ ಖರೇನ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರೂದಿಲ್ಲ. ಅದಕ್ಕ ಕ್ಯಾಮೆರಾ ಬೇಕು ಅನ್ನೂದು ನಾನು.”

ಆ ವಾರದಿಂದ ಗಂಡ ಹೆಂಡತಿ ಮಾತು ಬಿಟ್ಟರು. ಸಂಘದವರು ಇವರ ಮನೆಯನ್ನು ಬಿಟ್ಟರು. ದೀಪಾವಳಿಗೆ, ಸಂಕ್ರಾಂತಿಗೆ ಯಾರೂ ಕರೆಯಲಿಲ್ಲ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡುವ ಹಬ್ಬದಂದು ಪುಟ್ಟಿ ಹೊಸ ಲಂಗ ಉಟ್ಟು ಸೋಫಾದ ಮೇಲೆ ಕೂತಿದ್ದಳು. ಕ್ಯಾಮೆರಾದ ವಿಷಯ ಶಾಲಾ ಮಂಡಳಿಯ ಸಭೆಗೆ ಬಂದ ದಿನ ಸಹಿ ಹಾಕಿದವರಲ್ಲಿ ಒಬ್ಬರೂ ಬರಲಿಲ್ಲ. ಕೋಸಂಬರಿ ತಿಂದಷ್ಟು ಸುಲಭವೇ ಅದು? ಮಂಡಳಿಯವರು ಅತ್ತಿಗೆಯ ಮಾತನ್ನು ಬಹಳ ಗೌರವದಿಂದ ಕೇಳಿದರು, ಬಹಳ ಗೌರವದಿಂದ ಧನ್ಯವಾದ ಹೇಳಿದರು, ಮುಂದೆ ನೋಡೋಣ ಎಂದು ಬಹಳ ಗೌರವದಿಂದ ಬದಿಗಿಟ್ಟರು. ಪಾರ್ಕಿಂಗಿನಲ್ಲಿ ಅತ್ತಿಗೆ ಕಾರಿನ ಕೀಲಿ ನನ್ನ ಕೈಗೆ ಕೊಟ್ಟು, “ನೀನ ಹೊಡಿ ಇವತ್ತ” ಎಂದರು. ಬೇರೊಬ್ಬರ ಡ್ರೈವಿಂಗನ್ನು ಅವರು ನಂಬಿದ್ದು ಅದೇ ಮೊದಲು.

ಮೊನ್ನೆ ರಜೆ ಹಾಕಿ ಡ್ಯಾನ್‌ವಿಲ್ಲಿಗೆ ಹೋದವನು ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ಅಣ್ಣನ ಬೂದು ಕಾರು ರಸ್ತೆಯ ನಡುವೆ ನಿಂತಿದೆ! ಬಸ್ಸು ಇನ್ನೂ ಆಗ ತಾನೇ ತಿರುವಿನಲ್ಲಿ ಕಾಣಿಸಿತ್ತು. ಎದುರು ದಿಕ್ಕಿನಿಂದ ಯಾರೂ ನುಗ್ಗದ ಹಾಗೆ ನಾಲ್ಕೂ ದೀಪ ಮಿನುಗಿಸುತ್ತ ನಿಂತುಬಿಟ್ಟಿದ್ದಾನೆ. ಕಿವಿಯಲ್ಲಿ ಮೀಟಿಂಗು ನಡೆದಿದೆ. ಹಿಂದಿನಿಂದ ಹಾರ್ನು. ಹಾರ್ನು ಹೊಡೆಯುತ್ತಿದ್ದ ಕಾರು ‘ಕನ್ನಡಿಗ’.

“ಇದೇನತ್ತಿಗೆ?”

“ದಿನಾ ಬರ್ತಾರ. ಇದಕ್ಕೂ ಪೊಲೀಸರು ಹಿಡೀಬಹುದು. ನಾ ಏನೂ ಅನ್ನಾಕ ಹೋಗಿಲ್ಲ.”

ಎಂದವರೇ ಒಂದು ಲೋಟ ಚಹಾ ಹಿಡಿದು ಹೊರಗೆ ಹೋಗಿ ಕಾರಿನ ಕಿಟಕಿಯೊಳಗೆ ಕೊಟ್ಟು ಬಂದರು. ಪುಟ್ಟಿ ಇಳಿದಳು. ನಮ್ಮೂರ ರಸ್ತೆಯಲ್ಲಿ ದಾಟುವವರ ಹಾಗೆ ಒಂದು ಕೈ ಎತ್ತಿ ಹಿಡಿದು ಬಂದು, ಅಪ್ಪನ ಕಾರಿನ ಮುಂದೆ ನಿಂತು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಟ್ಟಿ, ಓಡಿ ಮನೆಯೊಳಗೆ ಬಂದಳು. ಅಣ್ಣ ಸ್ಟೀರಿಂಗಿನ ಮೇಲೆ ತಲೆಯಿಟ್ಟುಕೊಂಡ.

ಬೇಲಿಯ ಕ್ಯಾಮೆರಾ ಅದೆಲ್ಲವನ್ನೂ ಹಿಡಿದಿತ್ತು. ಸಂಜೆ ಅತ್ತಿಗೆ ಫೋನಿನಲ್ಲಿ ಅದನ್ನೇ ನೋಡುತ್ತಿದ್ದರು. ಮುಗಿದರೆ ಮತ್ತೆ ಹಾಕುತ್ತಿದ್ದರು. ನಾನು ಚುಡಾಯಿಸಿದೆ.

“ಇದನ್ನೂ ಮುಂದಿನ ರಾಜ್ಯೋತ್ಸವಕ್ಕೆ ತೋರಿಸೋಣ್ವಾ ಅತ್ತಿಗೆ?”

ಅವರು ಸೆರಗಿನಿಂದ ಫೋನಿನ ಗಾಜು ಒರೆಸಿದರು. ಗಾಜು ಒದ್ದೆಯಾಗಿತ್ತು.

“ಬ್ಯಾಡೋ. ಇದು ನನಗೊಬ್ಬಾಕೀಗೇ ಇರ್ಲಿ.”