ಅಡ್ಡ ನಿಂತ ಕಂಬದ ಪ್ರೇಮಕತೆ

ಸುರಂಗ ರೈಲಿನ ಆ ನಿಲ್ದಾಣದಲ್ಲಿ ಮೆಟ್ಟಿಲಿಳಿದ ಕೂಡಲೇ ಒಂದು ಕಂಬ ಎದುರಾಗುತ್ತಿತ್ತು. ಮದುವೆ ಫೋಟೋದಲ್ಲಿ ಕರೆಯದೆ ಬಂದು ನಡುವೆ ನಿಂತ ನೆಂಟನ ಹಾಗೆ ಅದು ದಾರಿಗಡ್ಡ ನಿಂತಿತ್ತು. ಅವಸರದಲ್ಲಿ ಬಂದವರು ಹಣೆ ಚಚ್ಚಿಕೊಂಡು, ಟಿಕೆಟ್ ಕೌಂಟರಿನವನಿಗೆ ಬೈದು ಹೋಗುತ್ತಿದ್ದರು.

ಒಂದು ದಿನ ಬೆಳಿಗ್ಗೆ ಬರುತ್ತಲೇ ಸ್ಟೇಷನ್ ಮಾಸ್ತರರು ಆ ಕೌಂಟರಿನವನನ್ನು ಕರೆದರು.

"ಸಂಜೆ ವಾರ್ಷಿಕೋತ್ಸವಕ್ಕೆ ದೊಡ್ಡವರು ಬರ್ತಾರೆ ಕಣಯ್ಯ. ಪ್ರತಿ ನಿಲ್ದಾಣದ ಇತಿಹಾಸ ಕೇಳ್ತಾರಂತೆ. ಹಿಂದಿನ ನಿಲ್ದಾಣದಲ್ಲಿ ಕೋಟೆ ಗೋಡೆ ಸಿಕ್ಕಿದೆ. ಮುಂದಿನದ್ರಲ್ಲಿ ಯುದ್ಧದ ಕಾಲದಲ್ಲಿ ಜನ ಅಡಗಿದ್ರು. ನಮ್ಮಲ್ಲಿ ಏನಿದೆ?"

"ಕಂಬ ಇದೆ, ಸಾರ್."

"ಅದ್ಯಾಕಿದೆ ಅಂತ ಹೇಳು. ಹೇಳಕ್ಕಾಗ್ದಿದ್ರೆ ಲೈನಿನ ಕೊನೇಲಿರೋ ಡಿಪೋಗೆ ವರ್ಗ."

ಕೌಂಟರಿನವನು ತಟ್ಟನೆ ತಲೆಯಾಡಿಸಿದ. ಆ ಡಿಪೋದ ಗೋಡೆಗೆ ಅಂಟಿಕೊಂಡೇ ಅವನ ಅತ್ತೆಯ ಮನೆಯಿತ್ತು. ವರ್ಗವಾದರೆ ವಾಸ ಅಲ್ಲೇ ಎಂದು ಅತ್ತೆ ಆಗಲೇ ಮಂಚ ಹಾಕಿಸಿದ್ದರು.

ಏನೂ ಹೊಳೆಯದೆ ತಲೆ ಕೆರೆಯುತ್ತ ಅವನು ಮೆಟ್ಟಿಲ ಬಳಿ ಟೀ ಮಾರುವ ಅಕ್ಕನ ಹತ್ತಿರ ಹೋದ.

"ಏನೋ ತಮ್ಮಾ, ಮುಖ ಹಿಂಡಿದ ಬಟ್ಟೆ ಥರ ಆಗಿದೆ? ಮಾಸ್ತರರು ಕೇಳ್ತಿದ್ರಲ್ಲ, ಆ ಕಂಬದ ಕತೆ ಏನಂತೆ?"

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾಲಿಗೆ ಜಾರಿತು. "ಇದನ್ನ ಕಟ್ಟಿದ ಎಂಜಿನಿಯರ್ ಒಬ್ಬ ಹುಡುಗೀನ ಪ್ರೀತಿಸ್ತಿದ್ನಂತೆ ಅಕ್ಕ. ಮೇಲೆ ಅವಳು ದಿನಾ ಬಸ್ಸಿಗೆ ನಿಲ್ತಿದ್ದ ಜಾಗದ ನೇರ ಕೆಳಗಿದೆ ಅದು. ಅವಳು ಬೇರೆಯವನನ್ನ ಮದುವೆಯಾದ್ಲು. ಇವನು ನೆನಪಿಗೆ ಕಂಬ ನಿಲ್ಲಿಸಿದ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುಕ್ಷಣವೇ ಟೀ ಕುಡಿಯುತ್ತಿದ್ದವರಿಗೆಲ್ಲ ಕತೆ ಬಡಿಸಿದಳು.

ಮಧ್ಯಾಹ್ನದ ಹೊತ್ತಿಗೆ ಕಂಬದ ಸುತ್ತ ಜೋಡಿಗಳು ಮುತ್ತಿಕೊಂಡಿದ್ದವು. ಒಬ್ಬ ಕಂಬವನ್ನು ತಬ್ಬಿಕೊಂಡು ಬಿಕ್ಕುತ್ತಿದ್ದ. ಒಬ್ಬಾಕೆ, "ನನಗೋಸ್ಕರ ನೀವು ಒಂದು ಮೊಳೆನಾದ್ರೂ ಹೊಡೆದಿದ್ದೀರಾ?" ಎಂದು ಗಂಡನ ಜನ್ಮ ಜಾಲಾಡುತ್ತಿದ್ದಳು. ರೈಲು ಹತ್ತುವವರಿಗೆ ದಾರಿಯೇ ಇರಲಿಲ್ಲ.

ಪೇಪರ್ ಮಾರುವ ಅಜ್ಜ ಗಂಟಲು ಸರಿಮಾಡಿಕೊಂಡು, "ಆ ಹುಡುಗೀನ ನಾನೇ ಕಣ್ಣಾರೆ ಕಂಡಿದ್ದೀನಿ," ಎಂದು ಸಾರುತ್ತಿದ್ದ.

ಕೌಂಟರಿನವನು ಜನರ ನಡುವೆ ನುಗ್ಗಿದ. "ಅಜ್ಜಾ, ಆ ಕತೆ ನಾನೇ ಕಟ್ಟಿದ್ದು!"

"ನಿನಗೇನೋ ಗೊತ್ತು? ನೀನು ಆಗ ಹುಟ್ಟಿದ್ದೆಯಾ?" ಎಂದು ಅಜ್ಜ ಗದರಿದ. ಸೇರಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು.

ಸಂಜೆ ದೊಡ್ಡವರು ಬಂದರು. ಸುರಕ್ಷತಾ ಅಧಿಕಾರಿಯ ಜೊತೆ ಬಿಳಿಗೂದಲ ಹಿರಿಯರೊಬ್ಬರು, ಪಕ್ಕದಲ್ಲಿ ಅವರ ಹೆಂಡತಿ. ಮಾಸ್ತರರು ಅವನನ್ನು ಮುಂದೆ ತಳ್ಳಿದರು. ಬೇರೆ ಕತೆಯಿಲ್ಲದೆ ಅವನು ಅದನ್ನೇ ಒದರಿದ. ಜನ ಚಪ್ಪಾಳೆ ತಟ್ಟಿದರು.

ಆ ಹೆಂಡತಿ ಮಾತ್ರ ತಟ್ಟಲಿಲ್ಲ. ನಿಧಾನವಾಗಿ ಗಂಡನತ್ತ ತಿರುಗಿದಳು. "ಈ ನಿಲ್ದಾಣ ಕಟ್ಟಿದ ಎಂಜಿನಿಯರ್ ನೀವೇ ಅಲ್ವಾ? ಯಾರ್ರೀ ಅವಳು?"

ಕೌಂಟರಿನವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅವನು ಆಗಲೇ ನೆಲದ ಕೆಳಗಿದ್ದ.

ಹಿರಿಯರ ಮುಖ ಸುಣ್ಣ ಬಳಿದಂತಾಯಿತು. "ಶುದ್ಧ ಸುಳ್ಳು! ಹುಡುಗಿಯೂ ಇಲ್ಲ, ಏನೂ ಇಲ್ಲ! ನಾನು ಅಳತೆ ತಪ್ಪಿದ್ದೆ, ಅಷ್ಟೇ. ಆ ಕಂಬ ಅಲ್ಲಿ ಇರಲೇಬಾರದಿತ್ತು!"

"ಏನಂದ್ರಿ?" ಸುರಕ್ಷತಾ ಅಧಿಕಾರಿ ಬೆಚ್ಚಿಬಿದ್ದರು. "ಅಳತೆ ತಪ್ಪಿದ ಕಂಬದ ಮೇಲೆ ಇಷ್ಟು ವರ್ಷ ಚಾವಣಿ ನಿಂತಿತ್ತಾ? ಎಲ್ಲರೂ ಹೊರಗೆ ನಡೀರಿ! ತಪಾಸಣೆ ಆಗೋವರೆಗೆ ನಿಲ್ದಾಣ ಬಂದ್!"

ಜನ ದಿಕ್ಕಾಪಾಲಾಗಿ ಮೆಟ್ಟಿಲು ಹತ್ತಿದರು. ಟೀ ಅಕ್ಕ ಕೆಟಲ್ ತಬ್ಬಿಕೊಂಡು ಓಡಿದಳು. ಮಾಸ್ತರರು ಬಾಗಿಲೆಳೆಯುತ್ತ, "ನಿಲ್ದಾಣವೇ ಇಲ್ಲ ಅಂದಮೇಲೆ ನಿನಗಿಲ್ಲಿ ಏನಯ್ಯಾ ಕೆಲಸ? ನಾಳೆಯಿಂದ ಡಿಪೋ!" ಎಂದು ಹಲ್ಲು ಕಡಿದರು.

ಕೌಂಟರಿನವನು ಬೀದಿಯಲ್ಲಿ ಬೆಪ್ಪಾಗಿ ನಿಂತಿದ್ದ. ಯಾರೋ ಅವನ ತೋಳು ಹಿಡಿದು ಮರೆಗೆ ಎಳೆದರು. ಹಿರಿಯ ಎಂಜಿನಿಯರ್!

"ನಿಜ ಹೇಳಪ್ಪಾ," ಅವರು ಪಿಸುಗುಟ್ಟಿದರು. "ಪ್ರಪಂಚದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ವಿಷಯ ನಿನಗೆ ಯಾರು ಹೇಳಿದ್ದು? ಅವಳೇನಾ?"

ಅವನು ಬಾಯಿ ತೆರೆಯುವ ಮೊದಲೇ ಬೆನ್ನ ಹಿಂದಿನಿಂದ ಹಿರಿಯರ ಹೆಂಡತಿಯ ದನಿ ತಣ್ಣಗೆ ಕೇಳಿಸಿತು.

"ಯಾರು ಹೇಳಿದ್ದು ಅನ್ನೋದು ಆಮೇಲಿರಲಿ. ಅವಳ ಮನೆ ಎಲ್ಲಿ, ನಡಿಯಪ್ಪಾ, ತೋರಿಸು."